ಹನ್ನೊಂದು ಬೀಸುವ ಕಲ್ಲುಗಳು ಮತ್ತು ಒಂದು ಸದಸ್ಯತ್ವದ ಅರ್ಜಿ

ಇಂಡಿ ತಾಲ್ಲೂಕಿನ ನಿಮ್ಮ ಹಳೆಯ ವಾಡೆಯಲ್ಲಿ ಅಜ್ಜನವರು ಕೂಡಿಸಿಟ್ಟ ಹಿತ್ತಾಳೆ ಪಾತ್ರೆ, ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹದ) ಖತಾವಣಿ ಎಂಬ ಲೆಕ್ಕದ ಪುಸ್ತಕ, ಮಗ್ಗದ ಸಾಮಾನು ಮತ್ತು ಎರಡು ಕಲ್ಲಿನ ಮೂರ್ತಿಗಳನ್ನಿಟ್ಟು ವಸ್ತುಸಂಗ್ರಹಾಲಯ ತೆರೆಯಬೇಕೆಂದಿದ್ದೀರಿ. ಭಾರತೀಯ ವಸ್ತುಸಂಗ್ರಹಾಲಯಗಳ ಸಂಘದ ಸದಸ್ಯರಾದರೆ ಅನುದಾನವೂ ಮಾನ್ಯತೆಯೂ ದೊರೆಯುತ್ತವೆಯೇ ಎಂಬುದು ನಿಮ್ಮ ಪ್ರಶ್ನೆ. ಇದೇ ಆಸೆಯಿಂದ ನಾನೂ ಒಮ್ಮೆ ಅದೇ ಸಂಘದ ಅರ್ಜಿಯನ್ನು ತುಂಬಿದ್ದೆ. ಆದ್ದರಿಂದ ಮೊದಲು ನನ್ನ ಕಥೆಯನ್ನು ಹೇಳದೆ ವಿಧಿಯಿಲ್ಲ.

ನಾನು ಬಾಗಲಕೋಟೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆ ಊರಿನ ತಗ್ಗಿನ ಓಣಿಗಳಿಗೆ ಬರುವುದು ಖಚಿತವಾಗಿ, ಜನ ಮನೆ ಖಾಲಿ ಮಾಡಿ ನವನಗರದ ಸೆಕ್ಟರುಗಳಿಗೆ ಹೊರಟಿದ್ದ ವರ್ಷಗಳವು. ಟ್ರ್ಯಾಕ್ಟರಿನಲ್ಲಿ ಜಾಗ ಸಾಲದೆ, ಹೊಸ ಮನೆಯ ಅಳತೆಗೆ ಹೊಂದದೆ, ಬೀಸುವ ಕಲ್ಲು, ಒರಳು, ಕೊಪ್ಪರಿಗೆ, ತೊಟ್ಟಿಲು, ಹೋಳಿಹುಣ್ಣಿಮೆಗೆ ಬಾರಿಸುತ್ತಿದ್ದ ಹಲಗಿ, ಎಲ್ಲವೂ ಕಟ್ಟೆಯ ಮೇಲೆ ಉಳಿದುಬಿಡುತ್ತಿದ್ದವು. ನಾವು ನಾಲ್ವರು ಗೆಳೆಯರು ಸಂಜೆ ಶಾಲೆ ಬಿಟ್ಟ ಮೇಲೆ ಕೈಗಾಡಿ ತೆಗೆದುಕೊಂಡು ಓಣಿ ಓಣಿ ತಿರುಗಿ, ಕೇಳಿ ಪಡೆದು, ಎರಡು ಮಳೆಗಾಲದೊಳಗೆ 412 ವಸ್ತುಗಳನ್ನು ಒಂದು ತಗಡಿನ ಸೂರಿನ ಕೋಣೆಯಲ್ಲಿ ಒಟ್ಟುಗೂಡಿಸಿದೆವು. ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ನಾಚಿಕೆಯಾಗುವುದು ಅದರ ಮುಂದಿನ ಭಾಗಕ್ಕೆ.

ತಪ್ಪು ಇಷ್ಟೇ: ವಸ್ತು ಯಾರ ಮನೆಯದು, ಯಾವ ಓಣಿಯದು, ಯಾರು ಬಳಸುತ್ತಿದ್ದರು ಎಂಬ ವಿವರವನ್ನೆಲ್ಲ ನಾವು ಒಂದು ಚೀಟಿಯಲ್ಲಿ ಬರೆದು, ಆ ಚೀಟಿಯನ್ನು ವಸ್ತುವಿಗೆ ಅಂಟಿಸಿದೆವು. ಪುಸ್ತಕದಲ್ಲಿ ಬರೆದದ್ದು ‘ಬೀಸುವ ಕಲ್ಲು 11, ಕೊಪ್ಪರಿಗೆ 9, ಸೇರು-ಪಾವು 34’ ಎಂಬ ಲೆಕ್ಕ ಮಾತ್ರ. ಕಿರಾಣಿ ಅಂಗಡಿಯ ಸ್ಟಾಕು ಬರೆದಂತೆ. ಆಗ ಇದು ಅವಿವೇಕವೆಂದು ತೋರಲಿಲ್ಲ. ಚೀಟಿ ವಸ್ತುವಿನ ಮೈಮೇಲೆಯೇ ಇರುವಾಗ ಅದನ್ನೇ ಮತ್ತೆ ಪುಸ್ತಕಕ್ಕೆ ಇಳಿಸುವುದು ಎರಡು ಸಲದ ದುಡಿಮೆ ಎನ್ನಿಸಿತು. ನೀರು ಯಾವ ವಾರ ಬರುತ್ತದೆಯೋ ಎಂಬ ಆತುರವೂ ಇತ್ತು. ಅದಕ್ಕಿಂತ ದೊಡ್ಡ ಕಾರಣವೆಂದರೆ ನಮಗೆ ಎಲ್ಲವೂ ಗೊತ್ತಿತ್ತು. ಈ ಕೊಪ್ಪರಿಗೆ ಯಾವ ಗೌಡರ ಮನೆಯ ಲಗ್ನದಲ್ಲಿ ಕುದಿದದ್ದು, ಈ ತೊಟ್ಟಿಲಲ್ಲಿ ಯಾರ ಯಾರ ಮಕ್ಕಳು ಮಲಗಿದ್ದರು ಎಂಬುದನ್ನು ಓಣಿಯ ಹುಡುಗರೂ ಹೇಳುತ್ತಿದ್ದರು. ಆ ತಿಳಿವಳಿಕೆ ನಮ್ಮ ತಲೆಯಲ್ಲಿದೆ ಎಂದು ನಾವು ಭಾವಿಸಿದ್ದೆವು. ಅದು ಇದ್ದದ್ದು ಓಣಿಯಲ್ಲಿ. ಎದುರು ಮನೆ, ಪಕ್ಕದ ಮನೆ, ಕಟ್ಟೆ, ಬೇವಿನ ಮರ ಇವುಗಳ ನಡುವೆ ಅದು ಬದುಕಿತ್ತು. ಓಣಿಯ ಮನೆಗಳು ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದ ನಾಲ್ಕೈದು ವರ್ಷಗಳಲ್ಲಿ, ‘ಇದು ಯಾರದಪ್ಪಾ?’ ಎಂದು ಕೇಳಿದರೆ ನಮ್ಮ ನಾಲ್ವರಿಂದ ನಾಲ್ಕು ಉತ್ತರ ಬರತೊಡಗಿದವು.

2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ನಮ್ಮ ಭಾಗದವರಾದ ನಿಮಗೆ ನೆನಪಿಸಬೇಕಾಗಿಲ್ಲ. ನಮ್ಮ ಕೋಣೆಯ ತಗಡು ಎರಡು ಕಡೆ ಎದ್ದು, ನೀರು ಮೂರು ದಿನ ಸುರಿಯಿತು. ಕಲ್ಲಿಗೂ ತಾಮ್ರಕ್ಕೂ ಏನೂ ಆಗಲಿಲ್ಲ. ಬಾಗಿಲು ತೆರೆದಾಗ ನೆಲದ ಮೇಲೆ ಬಿಳಿಯ ಗಂಜಿಯಂಥದ್ದು ಹರಡಿತ್ತು. ಕೈಯಲ್ಲಿ ಎತ್ತಿ ನೋಡಿದರೆ ಅದು ನಮ್ಮ ಚೀಟಿಗಳು. ಕೆಲವುಗಳಲ್ಲಿ ನನ್ನದೇ ಅಕ್ಷರದ ನೀಲಿ ಶಾಯಿ ಮೋಡದಂತೆ ಹಬ್ಬಿತ್ತು. ಇನ್ನು ಕೆಲವು ಮಳೆಗೆ ಮೊದಲೇ ಗೋಂದಿನ ರುಚಿಗೆ ಬಂದ ಬೆಳ್ಳಿಹುಳದ ಪಾಲಾಗಿದ್ದವು. 412ರಲ್ಲಿ ಸುಮಾರು 260 ವಸ್ತುಗಳಿಗೆ ಅಂದು ವಾರಸುದಾರರಿಲ್ಲದಂತಾಯಿತು.

ನಾನು ಸಂಘದ ಕಡೆ ನೋಡಿದ್ದು ಆಗ, ಅದೂ ತಪ್ಪು ಕಾರಣಕ್ಕೆ. ನಮಗಾದ ನಷ್ಟಕ್ಕೆ ತಗಡಿನ ಸೂರು ಕಾರಣ, ಸೂರಿಗೆ ಹಣವಿಲ್ಲದಿರುವುದು ಕಾರಣ, ಹಣ ಬೇಕಾದರೆ ರಾಷ್ಟ್ರೀಯ ಸಂಸ್ಥೆಯೊಂದರ ಹೆಸರು ನಮ್ಮ ಲೆಟರ್‌ಹೆಡ್ಡಿನ ಮೇಲಿರಬೇಕು, ಹೀಗೆ ಸಾಗಿತ್ತು ನನ್ನ ತರ್ಕ. ಸದಸ್ಯನಾದೆ, ವಾರ್ಷಿಕ ಸಮ್ಮೇಳನಕ್ಕೂ ಹೋದೆ. ಹೋಗುವಾಗ ನಮ್ಮ ಸಂಗ್ರಹದ ಬಣ್ಣದ ಛಾಯಾಚಿತ್ರಗಳ ಆಲ್ಬಮ್ಮು ಚೀಲದಲ್ಲಿತ್ತು. ಸರ್ಕಾರಿ ಸಂಗ್ರಹಾಲಯವೊಂದರಲ್ಲಿ ಬಹುಕಾಲ ಕ್ಯುರೇಟರ್ (ಸಂಗ್ರಹವನ್ನು ನೋಡಿಕೊಳ್ಳುವ ಅಧಿಕಾರಿ) ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಚಹದ ವೇಳೆಗೆ ಅದನ್ನು ತಾಳ್ಮೆಯಿಂದ ನೋಡಿದರು. ಹನ್ನೊಂದು ಬೀಸುವ ಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದ ಚಿತ್ರದ ಮೇಲೆ ಬೆರಳಿಟ್ಟು, ‘ಎಡಗಡೆಯಿಂದ ನಾಲ್ಕನೆಯದು ಯಾರದು?’ ಎಂದರು. ನಾನು ಮುಳುಗಡೆ, ಮಳೆ, ತಗಡು ಎಂದು ಆರಂಭಿಸಿದೆ. ಅವರು ಕೇಳಿಸಿಕೊಂಡು, ಬೈಯದೆ, ಆಲ್ಬಮ್ಮನ್ನು ಮುಚ್ಚಿ ನನ್ನ ಕೈಗಿತ್ತರು. ಅನಂತರ ಒಂದು ಕಾಗದದ ಕರವಸ್ತ್ರದ ಮೇಲೆ ಆಕ್ಸೆಷನ್ ರಿಜಿಸ್ಟರಿನ, ಅಂದರೆ ಬಂದ ಪ್ರತಿ ವಸ್ತುವಿಗೂ ಸಂಖ್ಯೆ ಕೊಟ್ಟು ಅದರ ಮೂಲವನ್ನು ಬರೆದಿಡುವ ಪುಸ್ತಕದ, ಕಾಲಮ್ಮುಗಳನ್ನು ಗೀಚಿಕೊಟ್ಟರು. ಆ ಸಂಘದಿಂದ ನಾನು ಪಡೆದ ಅನುದಾನವೆಂದರೆ ಅದೇ.

ಊರಿಗೆ ಬಂದು ಮರುಪಟ್ಟಿ ಮಾಡಲು ಕುಳಿತ ದಿನಗಳಲ್ಲಿ ಒಬ್ಬ ತಾಯಿ ಬಂದರು. ಅವರ ಮಗಳ ಲಗ್ನ ಗೊತ್ತಾಗಿತ್ತು. ‘ಸರ, ನಮ್ಮವ್ವನ ಬೀಸೂಕಲ್ಲ ಒಮ್ಮೆ ನೋಡೂಣಂತ ಬಂದೀನ್ರಿ. ಅರಿಷಿಣ ಬೀಸಾಕ ಒಂದ ದಿನದ ಮಟ್ಟಿಗೆ ಕೊಡ್ತೀರೇನು?’ ಎಂದರು. ನಾನು ಹನ್ನೊಂದನ್ನೂ ತೋರಿಸಿದೆ. ಅವರು ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕುಳಿತು, ಬಾಯಿಯ ಅಂಚನ್ನು ಸವರಿ, ಮೇಲಿನ ಕಲ್ಲನ್ನು ಅಂಗೈಯಿಂದ ಕಾಲು ಸುತ್ತು ತಿರುಗಿಸಿ ಸಪ್ಪಳ ಆಲಿಸಿದರು. ‘ಅವ್ವ ಗೂಟಕ್ಕ ಹಸರ ಅರಿವಿ ಸುತ್ತಿದ್ಲ್ರಿ, ಗೂಟ ಎಲ್ಲದಾವು?’ ಎಂದು ಕೇಳಿದರು. ಮಳೆಯ ನಂತರ ಗೆದ್ದಲು ಹತ್ತಿದ್ದ ಗೂಟಗಳನ್ನೆಲ್ಲ ನಾವೇ ಕಿತ್ತು ಒಲೆಗೆ ಹಾಕಿದ್ದೆವು. ಆ ತಾಯಿ ಕಡೆಗೆ ಎರಡು ಕಲ್ಲುಗಳ ನಡುವೆ ಬಹಳ ಹೊತ್ತು ಕುಳಿತು, ‘ಇರ್ಲಿ ಬಿಡ್ರಿ’ ಎಂದು ಎದ್ದು ಹೋದರು. ಇಂದು ನಮ್ಮ ರಿಜಿಸ್ಟರಿನಲ್ಲಿ ಆ ಹನ್ನೊಂದಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಎಲ್ಲದರ ಮುಂದೆಯೂ ‘ಮೂಲ ತಿಳಿಯದು’ ಎಂದಿದೆ.

ಈಗ ನಿಮ್ಮ ಪ್ರಶ್ನೆಯ ಬಗ್ಗೆ. ಅದರ ತಳಹದಿಯೇ ಸರಿಯಿಲ್ಲವೆಂಬುದು ನನ್ನ ಅಭಿಪ್ರಾಯ. ನೀವು ಬಹುಶಃ ಬ್ರಿಟನ್ನಿನ ಸಂಘದ ಬಗ್ಗೆ ಓದಿ ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದೀರಿ. 1889ರಲ್ಲಿ ಯಾರ್ಕ್ ನಗರದಲ್ಲಿ ಹುಟ್ಟಿದ ಆ ಸಂಘ ಇಂಥ ಸಂಘಗಳಲ್ಲಿ ಜಗತ್ತಿಗೇ ಹಿರಿಯದು. ಅದು ಸಂಗ್ರಹಾಲಯಗಳವರಿಗೆ ನೀತಿಸಂಹಿತೆಯನ್ನು ರೂಪಿಸಿದೆ, ದತ್ತಿಸಂಸ್ಥೆಗಳ ಹಣವನ್ನು ಸಂಗ್ರಹಗಳ ಕೆಲಸಕ್ಕೆ ಹಂಚುವುದೂ ಉಂಟು. ಆದರೆ ಅಲ್ಲಿಯೂ ಇಂಗ್ಲೆಂಡಿನಲ್ಲಿ ಮಾನ್ಯತೆ ನೀಡುವುದು ಸಂಘವಲ್ಲ, ಆರ್ಟ್ಸ್ ಕೌನ್ಸಿಲ್. ನಮ್ಮ ಸಂಘ 1944ರದು. ಅದಕ್ಕೆ ಎಂಟು ವರ್ಷ ಮೊದಲು, 1936ರಲ್ಲಿ, ಮಾರ್ಕಮ್ ಮತ್ತು ಹಾರ್‌ಗ್ರೀವ್ಸ್ ಎಂಬಿಬ್ಬರು ಬ್ರಿಟನ್ನಿನ ಸಂಘಕ್ಕಾಗಿ ಭಾರತದ ಸಂಗ್ರಹಾಲಯಗಳ ಸಮೀಕ್ಷೆಯನ್ನು ಪ್ರಕಟಿಸಿದ್ದರು. ದೂರ ದೂರದ ಊರುಗಳಲ್ಲಿ ಒಬ್ಬೊಬ್ಬರೇ ಕುಳಿತು, ಪಕ್ಕದ ಊರಿನ ಸಂಗ್ರಹಾಲಯದಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ದುಡಿಯುವ ಕ್ಯುರೇಟರುಗಳನ್ನು ಒಂದೆಡೆ ಸೇರಿಸುವುದು ಇಂಥ ಸಂಘದ ನಿಜವಾದ ಕೆಲಸ. ಸಮ್ಮೇಳನ, ವಿಚಾರಗೋಷ್ಠಿ, ತರಬೇತಿ, ಪತ್ರಿಕೆ ಇವೆಲ್ಲ ಅದಕ್ಕಾಗಿಯೇ ಇವೆ. ಅಲ್ಲಿ ದೊರೆಯುವುದು ಗೊತ್ತಿರುವವರ ಸಂಗ. ಹಣಕ್ಕೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಸಂಗ್ರಹಾಲಯ ಅನುದಾನ ಯೋಜನೆಯಿದೆ. ಅದರ ದಾರಿಯೇ ಬೇರೆ, ಅದರ ಕಾಗದಪತ್ರಗಳೇ ಬೇರೆ. ಸಂಘದ ಸದಸ್ಯತ್ವವನ್ನು ಆ ಬಾಗಿಲಿನ ಕೀಲಿಕೈ ಎಂದು ತಿಳಿದು ನಾನು ಒಂದು ವರ್ಷ ಕಳೆದೆ. ನೀವು ಕಳೆಯಬೇಡಿ.

ಸದಸ್ಯರಾಗಬೇಡಿ ಎಂದು ನಾನು ಹೇಳುತ್ತಿಲ್ಲ. ರಿಜಿಸ್ಟರ್ ಇಲ್ಲದೆ ಹೋದರೆ ಅಲ್ಲಿಯ ಹಿರಿಯರಿಗೆ ನಿಮಗೆ ಸಹಾಯ ಮಾಡಲು ಏನೂ ಇರುವುದಿಲ್ಲ, ಅಷ್ಟೇ. 1946ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಗ್ರಹಾಲಯ ಪರಿಷತ್ತು 2022ರಲ್ಲಿ ಪ್ರಾಗ್ ನಗರದಲ್ಲಿ ಒಪ್ಪಿದ ಹೊಸ ವ್ಯಾಖ್ಯೆಯಲ್ಲಿ ಸಂಗ್ರಹಾಲಯದ ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ಹೇಳಿದೆ: ಸಂಶೋಧಿಸುವುದು, ಸಂಗ್ರಹಿಸುವುದು, ಸಂರಕ್ಷಿಸುವುದು, ವ್ಯಾಖ್ಯಾನಿಸುವುದು, ಪ್ರದರ್ಶಿಸುವುದು. ಪ್ರದರ್ಶನ ಕೊನೆಗೆ ಬರುತ್ತದೆ. ನೀವೋ ಗಾಜಿನ ಕಪಾಟುಗಳಿಗೆ ಆಗಲೇ ಬಡಿಗೇರರಿಗೆ ಮುಂಗಡ ಕೊಟ್ಟಿರುವುದಾಗಿ ಬರೆದಿದ್ದೀರಿ. ಸಾಧ್ಯವಾದರೆ ಆ ಕೆಲಸವನ್ನು ಆರು ತಿಂಗಳು ನಿಲ್ಲಿಸಿ. ಬಾದಾಮಿಯ ಸಂಗ್ರಹಾಲಯದಲ್ಲಿ ಲಜ್ಜಾಗೌರಿಯ ಮುಂದೆ ನಿಂತಾಗ ಅದು ನಾಗನಾಥನಕೊಳ್ಳದಿಂದ ಬಂದದ್ದೆಂದು ತಿಳಿಯುತ್ತದೆ. ಆ ಒಂದು ಹೆಸರು ಇಲ್ಲದಿದ್ದರೆ ಆ ಶಿಲ್ಪದ ಬಗ್ಗೆ ವಿದ್ವಾಂಸರು ಎಷ್ಟು ಮಾತನ್ನು ಆಡದೆಯೇ ಬಿಡಬೇಕಾಗುತ್ತಿತ್ತು, ಯೋಚಿಸಿ.

ರಿಜಿಸ್ಟರಿಗೆ ಹೊಲಿಗೆ ಹಾಕಿದ, ಪುಟಸಂಖ್ಯೆಯುಳ್ಳ ದಪ್ಪ ಪುಸ್ತಕವೇ ಬೇಕು. ಬಿಡಿ ಹಾಳೆಯ ಫೈಲು ಬೇಡ. ಅಳಿಸದ ಶಾಯಿಯಲ್ಲಿ ಬರೆಯಬೇಕು, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು. ಸಂಖ್ಯೆಯನ್ನು 2012.7.3 ಎಂಬಂತೆ ಕೊಡುವುದು ಒಳ್ಳೆಯ ರೂಢಿ: 2012ರಲ್ಲಿ ಬಂದ ಏಳನೆಯ ಕೊಡುಗೆಯ ಮೂರನೆಯ ವಸ್ತು ಎಂದರ್ಥ. ಆ ಸಂಖ್ಯೆ ವಸ್ತುವಿನ ಮೈಮೇಲೆಯೇ ಇರಬೇಕು, ಆದರೆ ಬೇಕಾದಾಗ ತೆಗೆಯಲು ಬರಬೇಕು. ಲೋಹಕ್ಕೂ ನಯವಾದ ಕಲ್ಲಿಗೂ ಎದ್ದು ಕಾಣದ ಜಾಗದಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ತೆಳುವಾಗಿ ಬಳಿದು, ಒಣಗಿದ ಮೇಲೆ ಶಾಯಿಯಲ್ಲಿ ಸಂಖ್ಯೆ ಬರೆದು, ಮತ್ತೊಂದು ಪದರ ಬಳಿಯುತ್ತಾರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕವದಿಗಳಿಗೆ ಇದನ್ನು ಮುಟ್ಟಿಸಲೂ ಬೇಡಿ; ಹತ್ತಿಯ ಲಾಡಿಯ ತುಂಡಿನ ಮೇಲೆ ಸಂಖ್ಯೆ ಬರೆದು ಅಂಚಿಗೆ ಎರಡು ಸಡಿಲ ಹೊಲಿಗೆ ಹಾಕಿ. ಕೊಟ್ಟವರಿಂದ ‘ಕಾಯಂ ಕೊಟ್ಟಿದ್ದೇವೆ’ ಅಥವಾ ‘ಇಡಲು ಕೊಟ್ಟಿದ್ದೇವೆ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಪುಸ್ತಕದ ನಕಲು ಬೇರೆ ಮನೆಯಲ್ಲಿ ಇರಲಿ. ಕಂಪ್ಯೂಟರ್ ಆಮೇಲೆ. ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಂಗ್ರಹಾಲಯಗಳಿಗಾಗಿ ‘ಜತನ್’ ಎಂಬ ತಂತ್ರಾಂಶವನ್ನೇ ಮಾಡಿದೆ (ನಮ್ಮ ಅವ್ವಂದಿರು ‘ಜತನಾಗಿ ಇಡು’ ಎನ್ನುವ ಅದೇ ಜತನ), ಆದರೆ ನೀವು ಬರೆದುಕೊಳ್ಳದಿದ್ದುದನ್ನು ಅದೂ ಹೇಳಲಾರದು.

ಆ ಎರಡು ಮೂರ್ತಿಗಳ ವಿಷಯವನ್ನು ನೀವು ಹಗುರವಾಗಿ ಬರೆದಿದ್ದೀರಿ, ಅದು ಹಗುರವಲ್ಲ. 1972ರ ಪುರಾತನ ವಸ್ತುಗಳ ಕಾಯಿದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ ನಿಮ್ಮ ಮನೆಯಲ್ಲಿದ್ದರೆ ಅದನ್ನು ನೋಂದಣಾಧಿಕಾರಿಯ ಬಳಿ ನೋಂದಾಯಿಸಲೇಬೇಕು. ಉದ್ಘಾಟನೆಯ ಕರಪತ್ರದಲ್ಲಿ ಅವುಗಳ ಚಿತ್ರ ಅಚ್ಚಾಗುವ ಮೊದಲು ಆ ಕೆಲಸ ಮುಗಿಯಲಿ. ಅಲ್ಲಿಯೂ ಇದು ನಿಮ್ಮಲ್ಲಿಗೆ ಹೇಗೆ ಬಂತು ಎಂಬ ಮಾತು ಬರುತ್ತದೆ, ಅದಕ್ಕೆ ಉತ್ತರ ನಿಮ್ಮ ಅಜ್ಜನವರ ಖತಾವಣಿಯಲ್ಲಿಯೇ ಇದ್ದರೂ ಇರಬಹುದು. ಖರೀದಿ, ಒತ್ತೆ, ಉಡುಗೊರೆ ಎಲ್ಲವನ್ನೂ ಆ ಕಾಲದವರು ಬರೆದಿಡುತ್ತಿದ್ದರು. ಹಾಗಿದ್ದರೆ ನಾವು ಕಳೆದುಕೊಂಡ ಚೀಟಿಗಳು ನಿಮ್ಮ ಮನೆಯಲ್ಲಿ ಇನ್ನೂ ಒಣಗಿದ ಸ್ಥಿತಿಯಲ್ಲಿವೆ ಎಂದಾಯಿತು. ಮೋಡಿ ಓದಬಲ್ಲ ಹಿರಿಯರು ನಿಮ್ಮ ಕಡೆ ಯಾರಾದರೂ ಉಳಿದಿದ್ದರೆ, ಸಂಘದ ಅರ್ಜಿಯನ್ನು ಬದಿಗಿಟ್ಟು, ಆ ದಫ್ತರವನ್ನು ಒಣ ಬಟ್ಟೆಯಲ್ಲಿ ಸುತ್ತಿಕೊಂಡು ಈ ವಾರವೇ ಅವರ ಮನೆಗೆ ಹೋಗಿ.