ಪ್ರತಿಕ್ರಿಯೆ: ಕೆಂಟಕಿ ತಂಡ ಖಾಲಿಯಾದದ್ದು ಆಟಗಾರರ ತಪ್ಪಲ್ಲ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 2024ರಲ್ಲಿ ಕೋಚ್ ಜಾನ್ ಕ್ಯಾಲಿಪರಿ ಕೆಂಟಕಿ ವಿಶ್ವವಿದ್ಯಾಲಯ ಬಿಟ್ಟು ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೋದ ಕೂಡಲೇ ತಂಡವೇ ಚದುರಿತಲ್ಲ, ಆಟಗಾರರಿಗೆ ಕಾಲೇಜಿನ ಮೇಲೆ ನಿಷ್ಠೆ ಬೇಡವೇ ಅಂತ ಕೇಳಿದ್ದೀರಿ. ಈ ನಿಷ್ಠೆಯನ್ನು ಹುಡುಗರಿಂದ ಮಾತ್ರ ಕೇಳುವುದು ನನಗೆ ಅನ್ಯಾಯ ಅನಿಸುತ್ತದೆ. ಕೋಚ್ ಯಾವಾಗ ಬೇಕಾದರೂ ಹೋಗಬಹುದಿತ್ತು. 2021ರವರೆಗೆ ಕಾಲೇಜು ಬದಲಿಸಿದ ಆಟಗಾರ ಮಾತ್ರ ಸಾಮಾನ್ಯವಾಗಿ ಒಂದು ವರ್ಷ ಬೆಂಚಿನಲ್ಲಿ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಸಿಕ್ಕಿತು. 2024ರಿಂದ ಓದಿನ ಅರ್ಹತೆ ಇದ್ದರೆ ಮತ್ತೆ ಮತ್ತೆ ಬದಲಿಸಿದರೂ ತಕ್ಷಣ ಆಡಬಹುದು.

ಇನ್ನು ಕ್ಯಾಲಿಪರಿ ಮೇಲಿನ ಟೀಕೆ. 2024ರ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಕೆಂಟಕಿ 14ನೇ ಶ್ರೇಯಾಂಕದ ಓಕ್ಲೆಂಡ್ ಎದುರು 80-76ರಲ್ಲಿ ಸೋತ ಆ ರಾತ್ರಿ ಓಕ್ಲೆಂಡ್‌ನ ಜ್ಯಾಕ್ ಗೋಲ್ಕಿ ಒಬ್ಬನೇ ದೂರದಿಂದ ಎಸೆದು ತಲಾ ಮೂರು ಅಂಕದ 10 ಬುಟ್ಟಿ ಹಾಕಿದ. ಅವನನ್ನು ಕಟ್ಟಿಹಾಕಲು ಸಮಯಕ್ಕೆ ಸರಿಯಾಗಿ ದಾರಿ ಹುಡುಕದಿದ್ದುದು ಕೋಚಿನ ಹೊಣೆಯೇ, ಆ ಟೀಕೆ ನ್ಯಾಯವಾದದ್ದು. ಹಾಗಂತ ಆತನಿಗೆ ಕೋಚಿಂಗೇ ಬರಲ್ಲ ಅನ್ನುವುದನ್ನು ಒಪ್ಪಲಾರೆ. ಡಿಜೆ ವ್ಯಾಗ್ನರ್, ಅಡೂ ಥಿಯೆರೊ ಸೇರಿ ಕೆಂಟಕಿಯ ಮೂವರು ಆಟಗಾರರು ಆತನ ಹಿಂದೆಯೇ ಅರ್ಕನ್ಸಾಗೆ ಹೋದರು, 2025ರ ಟೂರ್ನಿಯಲ್ಲಿ ಆ ತಂಡ ಕೊನೆಯ 16ರ ಸುತ್ತು ಮುಟ್ಟಿತು. ಕ್ಯಾಲಿಪರಿ ಜಾಗಕ್ಕೆ ಬಂದ ಕೋಚ್ ಮಾರ್ಕ್ ಪೋಪ್ ಬೇರೆ ಕಾಲೇಜುಗಳಿಂದ ಬಂದವರನ್ನೇ ನೆಚ್ಚಿ ಕಟ್ಟಿದ ಹೊಸ ಕೆಂಟಕಿಯೂ ಅದೇ ಸುತ್ತಿಗೆ ಬಂತು!