ಪಾದಯಾತ್ರಿಗಳಿಗಾಗಿ ಎಲ್‌ಇಡಿ ಲೈಟ್ ಹಾಕಿಸಬೇಡಿ

ಯುಗಾದಿ ಹತ್ತಿರ ಬಂತು, ರಾತ್ರಿ ಬಾಗಲಕೋಟೆ-ಹುನಗುಂದ ರಸ್ತೆಯಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವವರು ಅಡ್ಡ ಬರ್ತಾರೆ, ಕಾರಿಗೆ ಎಲ್‌ಇಡಿ ಹಾಕಿಸಲೋ, ಜೋರು ಹಾರ್ನ್ ಹಾಕಿಸಲೋ ಅಂತ ಕೇಳಿದ್ದೀರಿ. ಓದಿ ಎದೆ ಝಲ್ ಅಂತು. ಆರು ವರ್ಷದ ಹಿಂದೆ ನಾನೂ ಹೀಗೇ ಯೋಚಿಸುತ್ತಿದ್ದೆ.

ಅಮೀನಗಡ ದಾಟಿದ್ದೆ. ರಾತ್ರಿ ಹನ್ನೊಂದು. ವೇಗ 70. ಎದುರಿಗೆ ಬಂದ ಲಾರಿ ಲೈಟ್ ತಗ್ಗಿಸಿ ಡಿಪ್ ಮಾಡಲಿಲ್ಲ. ನಾನೂ ಸಿಟ್ಟಿಗೆದ್ದು ಹೈ ಬೀಮ್ ಹಾಕಿದೆ. ಕಣ್ಣು ಕುಕ್ಕಿ ಎಲ್ಲ ಬೆಳ್ಳಗಾಯಿತು. ಆದರೂ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯಲಿಲ್ಲ.

ತಪ್ಪಾದದ್ದು ಅಲ್ಲೇ. 70ರಲ್ಲಿ ಕಾರು ಒಂದು ಸೆಕೆಂಡಿಗೆ 19 ಮೀಟರ್ ಓಡುತ್ತದೆ. ಮೂರು ಸೆಕೆಂಡು ಕಣ್ಣು ಕಾಣಲಿಲ್ಲ ಅಂದರೆ 50 ಮೀಟರ್‌ಗೂ ಜಾಸ್ತಿ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಲಾರಿ ದಾಟಿದ ಕೂಡಲೇ ಕಣ್ಣು ಸರಿಹೋಗುವುದೂ ಇಲ್ಲ. ‘ಈಗಷ್ಟೇ ರಸ್ತೆ ಖಾಲಿ ಇತ್ತಲ್ಲ’ ಅಂದುಕೊಂಡೆ. ಖಾಲಿ ಇದ್ದದ್ದು ನಾನು ದಾಟಿ ಬಂದ ರಸ್ತೆ. ಮುಂದಿನದನ್ನು ನಾನು ನೋಡೇ ಇರಲಿಲ್ಲ. ಬ್ರೇಕ್ ಒತ್ತುವುದೂ ಬೇಕಿರಲಿಲ್ಲ, ಲಾರಿ ದೂರದಲ್ಲಿದ್ದಾಗಲೇ ಕಾಲು ಎತ್ತಿದ್ದರೆ ಸಾಕಿತ್ತು.

ಎಡಗಡೆ ಕನ್ನಡಿಗೆ ಏನೋ ಬಡಿಯಿತು. ಇಳಿದು ಓಡಿದೆ. ಅಜ್ಜ ಒಬ್ಬರು ಬಿದ್ದಿದ್ದರು. ಪಕ್ಕದಲ್ಲಿ ಸಣ್ಣ ಬ್ಯಾಟರಿ, ಇನ್ನೂ ಹತ್ತಿಕೊಂಡೇ ಇತ್ತು, ಜಾಲಿಕಂಟಿಯ ಕಡೆ ಮುಖ ಮಾಡಿ. "ತಮ್ಮಾ, ಬ್ಯಾಟರಿ ಹಿಡದಿದ್ನಲ್ಲೋ, ಕಾಣಲಿಲ್ಲೇನು?" ಅಂದರು. 108ಕ್ಕೆ ಫೋನ್ ಮಾಡಿದೆ. ಸೊಂಟದ ಎಲುಬು ಮುರಿದಿತ್ತು. ಪ್ರತಿ ವರ್ಷ ನಡೆದೇ ಹೋಗುತ್ತಿದ್ದ ಅಜ್ಜ ಮತ್ತೆ ನಡೆದು ಹೋಗಲಿಲ್ಲ. ಕೇಸು, ಕೋರ್ಟು ಎಲ್ಲ ಆಯಿತು, ಅದನ್ನು ಬಿಡಿ.

ಈಗ ನಿಮ್ಮ ಪ್ರಶ್ನೆ. ‘ಅಡ್ಡ ಬರ್ತಾರೆ’ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಎಷ್ಟೋ ಜನ ಬರಿಗಾಲಲ್ಲಿ ನಡೆಯುತ್ತಾರೆ. ಹಗಲು ಬಿಸಿಲು, ಅದಕ್ಕೇ ರಾತ್ರಿ ಹೊರಡುತ್ತಾರೆ. ಅಂಚಿನಲ್ಲಿ ಜಲ್ಲಿ, ಮುಳ್ಳು. ಡಾಂಬರ್ ಮೇಲೆ ಬರದೆ ಏನು ಮಾಡಬೇಕು ಹೇಳಿ? ಎದುರು ಬರುವ ಗಾಡಿ ಕಾಣುವ ಹಾಗೆ ಬಲಕ್ಕೆ ನಡೆದರೆ ಒಳ್ಳೆಯದು, ನಿಜ. ಆದರೆ ಅದನ್ನು ಅವರಿಗೆ ಹೇಳಬೇಕಾದ ಜಾಗ ದಾಸೋಹದ ಪೆಂಡಾಲು. ಸ್ಟೀರಿಂಗ್ ಹಿಡಿದವನಿಗೆ ಅದು ನೆಪ ಆಗಬಾರದು.

ಎಲ್‌ಇಡಿ ಖಂಡಿತ ಬೇಡ. ನನ್ನ ಕಣ್ಣು ಕುಕ್ಕಿದ ಲಾರಿಯವನ ಕೆಲಸವನ್ನೇ ನೀವು ಇನ್ನೊಬ್ಬರಿಗೆ ಮಾಡ್ತೀರಿ, ಅಷ್ಟೇ. ಹಿಂದಿನಿಂದ ಜೋರು ಹಾರ್ನ್ ಹೊಡೆದರೆ ಗುಂಪು ಬೆಚ್ಚಿ ಎರಡೂ ಕಡೆ ಚದುರುತ್ತದೆ, ಅರ್ಧ ಜನ ರಸ್ತೆ ನಡುವಿಗೇ ಬರುತ್ತಾರೆ. ಗುಂಪು ಕಂಡರೆ 30ಕ್ಕೆ ಇಳಿಸಿ. ಎದುರಿಂದ ಗಾಡಿ ಬರುತ್ತಿದ್ದರೆ ಅವರ ಹಿಂದೆಯೇ ನಿಂತುಬಿಡಿ, ಅದು ದಾಟಲಿ. ಆಮೇಲೆ ದೂರ ಬಿಟ್ಟು ಹೋಗಿ. ಆ ರಾತ್ರಿಗಳಲ್ಲಿ ಹುನಗುಂದಕ್ಕೆ ಹೋಗಲೇಬೇಕಿದ್ದರೆ ಒಂದು ತಾಸು ಮೊದಲೇ ಮನೆ ಬಿಡಿ.