ಇಂಗ್ಲೆಂಡಿಗೆ ಬಂದ ಮೇಲೂ ಹೆದರಿಕೆ ಯಾಕೆ ಹೋಗಿಲ್ಲ ಅಂತ ಕೇಳಿದವರಿಗೆ

ಇಲ್ಲಿ ಕಾನೂನಿನ ಭಯವಿಲ್ಲ, ಆದರೂ ಆಫೀಸಿನಲ್ಲಿ ಗೇ ಅಂತ ಹೇಳಲು ಬಾಯಿ ಬರುವುದಿಲ್ಲ, ಇಲ್ಲೇ ಹುಟ್ಟಿದವರ ಧೈರ್ಯ ನೋಡಿದರೆ ನಾಚಿಕೆಯಾಗುತ್ತದೆ ಅಂತ ಬರೆದಿದ್ದೀರಿ. ನಾಚಿಕೆ ಬೇಡ. ಇಲ್ಲಿನ ನಡುವಯಸ್ಸಿನವರೂ ಹೆದರಿಕೊಂಡೇ ಬೆಳೆದವರು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಗಂಡಸರ ಸಂಬಂಧ ಅಪರಾಧದ ಪಟ್ಟಿಯಿಂದ ಹೊರಬಂದದ್ದು 1967ರಲ್ಲಿ. ಅದೂ ಇಬ್ಬರಿಗೂ 21 ತುಂಬಿರಬೇಕಿತ್ತು, ಮೂರನೆಯವರು ಅಲ್ಲಿ ಇರುವಂತಿರಲಿಲ್ಲ. ಉಳಿದವರಂತೆ ನಮಗೂ 16 ಅಂತ ಆದದ್ದು 2001ರಲ್ಲಿ. ನಡುವೆ 1988ರಲ್ಲಿ ಸೆಕ್ಷನ್ 28 ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮಕ್ಕೆ ಪ್ರೋತ್ಸಾಹ ಕೊಡಬಾರದು ಅಂತ ಅದರ ಮಾತು. ಹೆಚ್ಚಿನ ಶಾಲೆಗಳು ಆ ಆಡಳಿತಗಳ ಕೈಕೆಳಗೇ ಇದ್ದವು. ಏನು ಹೇಳಿದರೆ ತಪ್ಪಾಗುತ್ತದೋ ಅಂತ ಎಷ್ಟೋ ಮೇಷ್ಟ್ರುಗಳು ಸುಮ್ಮನಾಗಿಬಿಟ್ಟರು.

ನನ್ನ ಗಂಡ ಇಲ್ಲಿಯವನೇ. ಆಗ ಹೈಸ್ಕೂಲಿನಲ್ಲಿದ್ದ. ಯಾರೋ ಅವನ ಬ್ಯಾಗಿನ ಮೇಲೆ ಮಾರ್ಕರ್‌ನಲ್ಲಿ ಕೆಟ್ಟ ಬೈಗುಳ ಗೀಚಿದ್ದರು. ಮೇಷ್ಟ್ರು ಒದ್ದೆ ಬಟ್ಟೆ ತಂದು, ಪಕ್ಕದಲ್ಲಿ ಕೂತು ಒರೆಸಿಕೊಟ್ಟರಂತೆ. ಒಂದು ಮಾತೂ ಆಡಲಿಲ್ಲ. ಒಳ್ಳೆಯ ಮನುಷ್ಯರೇ, ಅವರಿಗೂ ಭಯ. 2003ರಲ್ಲಿ ಆ ಸೆಕ್ಷನ್ ಹೋಯಿತು. ಇವನು ಮಾತ್ರ ಬೀದಿಯಲ್ಲಿ ನನ್ನ ಕೈ ಹಿಡಿಯುವ ಮುಂಚೆ ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾನೆ.

ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ನಮ್ಮ ದೇಶದ ಸೆಕ್ಷನ್ 377 ಕೂಡ ಬ್ರಿಟಿಷರ ಆಳ್ವಿಕೆಯಲ್ಲೇ ಬಂದದ್ದು, ಅಲ್ವಾ? 2009ರಲ್ಲಿ ದೆಹಲಿ ಹೈಕೋರ್ಟ್ ಬಿಡುಗಡೆ ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಕೊಂಡಿತು, 2018ರಲ್ಲಿ ಮತ್ತೆ ಕೊಟ್ಟಿತು. ನೀವು ಬೆಳೆದದ್ದು ಈ ಎಳೆದಾಟದ ನಡುವೆ. ಫೋನನ್ನು ಮಗುಚಿ ಇಡುವುದು, 'ಅವನು' ಅನ್ನಬೇಕಾದ ಕಡೆ 'ಅವಳು' ಅನ್ನುವುದು, ಇವೆಲ್ಲ ಮೈಗೆ ಹತ್ತಿದ ಅಭ್ಯಾಸ. ವೀಸಾ ಸಿಕ್ಕ ತಕ್ಷಣ ಬಿಟ್ಟುಹೋಗುವುದಿಲ್ಲ.

ಆಫೀಸಿನಲ್ಲಿ ಭೇದ ಮಾಡಿದರೆ 2010ರ ಈಕ್ವಾಲಿಟಿ ಆಕ್ಟ್ ನಿಮ್ಮ ಪರವಾಗಿದೆ. ಹಾಗಂತ ಎಲ್ಲರಿಗೂ ಹೇಳಲೇಬೇಕು ಅಂತೇನಿಲ್ಲ. ಒಬ್ಬರಿಗೆ ಹೇಳಿ ನೋಡಿ. ಆ ಒಬ್ಬರು ನಮ್ಮ ಕಡೆಯವರಾದರೆ ಸ್ವಲ್ಪ ಯೋಚಿಸಿ, ಸುದ್ದಿ ನಿಮಗಿಂತ ಮೊದಲು ಮನೆ ಮುಟ್ಟಬಹುದು. ರಾತ್ರಿ ಹೊತ್ತು ಸಂಕಟ ಜಾಸ್ತಿಯಾದರೆ ನನಗೆ ಬರೆಯಿರಿ. ಸ್ವಿಚ್‌ಬೋರ್ಡ್ ಅನ್ನುವ ಸಹಾಯವಾಣಿಯೂ ಇದೆ. 1974ರಿಂದ ನಮ್ಮಂಥವರೇ ನಡೆಸುತ್ತಿದ್ದಾರೆ.

ಅಮ್ಮನಿಗೆ ಯಾವಾಗ ಹೇಳಲಿ ಅಂತಲೂ ಕೇಳಿದ್ದೀರಿ. ಈಗಲೇ ಬೇಡ ಅನ್ನುತ್ತೇನೆ. ಮೊದಲು ಕೆಲಸ ಖಾಯಂ ಆಗಲಿ, ಇಲ್ಲಿ ಒಬ್ಬಿಬ್ಬರು ನಂಬಿಕಸ್ತರು ಸಿಗಲಿ. ಅಮ್ಮ ಫೋನ್ ಇಟ್ಟುಬಿಟ್ಟರೂ ಆ ಸಂಜೆ ಹೋಗಿ ಕೂರಲು ನಿಮಗೊಂದು ಮನೆ ಇರಬೇಕು. ನಮ್ಮ ಮನೆಗೂ ಬರಬಹುದು.